ನಳ ಐತಿ, ನೀರಿಲ್ಲ

1

ನಮ್ಮ ಕೇರಿಗೆ ಒಮ್ಮೆ ಸರ್ವೆಯವರು ಬಂದರು. ಬಂದರು ಎನ್ನುವುದು ಅವರ ಭಾಷೆ. ಕೇರಿಯ ತುದಿಯ ಬೇವಿನ ಮರದ ತನಕ ಬಂದರು ಎನ್ನುವುದು ನಮ್ಮ ಭಾಷೆ. ಅಲ್ಲಿ ಊರಿನವರು ಹಾಕಿಸಿದ ಕುರ್ಚಿ, ಊರಿನವರು ತರಿಸಿದ ಚಾ, ಮೊಣಕಾಲ ಮೇಲೆ ಫಾರಂ. 'ಕುಡಿಯೋ ನೀರಿನ ವ್ಯವಸ್ಥೆ ಐತೇನು?' ಎಂದು ಕೇಳಿದರು. ಕೇರಿಯೊಳಗೆ ಎಂದೂ ಕಾಲಿಡದ ಒಬ್ಬ ಯಜಮಾನರು 'ಐತಿ, ಬರ್ಕೊಳ್ರಿ' ಅಂದರು. ನಮ್ಮವ್ವ ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದು, 'ಯಪ್ಪಾ, ನಳ ಐತಿ, ನೀರಿಲ್ಲ' ಎಂದಳು. ಸಾಹೇಬರು ಫಾರಂ ನೋಡಿದರು. ಅದರಲ್ಲಿ ನಳಕ್ಕೆ ಕಾಲಂ ಇತ್ತು, ನೀರಿಗೆ ಇರಲಿಲ್ಲ. 'ಹೌದು' ಎಂಬುದಕ್ಕೆ ಗೀಟು ಹಾಕಿ, ಚಾದ ಲೋಟ ಕೆಳಗಿಟ್ಟು ಎದ್ದರು.

ಅವರು ಸುಳ್ಳು ಬರೆದರೆಂದು ನಾವು ಹೇಳುವುದಿಲ್ಲ. ನಳ ಇತ್ತು. ಬೇವಿನ ಮರದ ಕೆಳಗೆ ಕೂತರೆ ಅದು ಕಣ್ಣಿಗೂ ಕಾಣುತ್ತಿತ್ತು. ಆ 'ಹೌದು' ತಾಲೂಕಿಗೆ ಹೋಯಿತು, ತಾಲೂಕಿನಿಂದ ಜಿಲ್ಲೆಗೆ ಹೋಯಿತು, ಅಲ್ಲಿಂದ ಬೆಂಗಳೂರಿನ ಯಾವುದೋ ಅಂಕಿಅಂಶದಲ್ಲಿ ಸೇರಿ ಸತ್ಯವಾಯಿತು. ನಮ್ಮವ್ವ ಮಾತ್ರ ಮರುದಿನವೂ ಕೊಡ ಹೊತ್ತು ಕಾಲುವೆಗೆ ಹೋದಳು.

ಪರಿಶೀಲಿಸಿದ ಹೇಳಿಕೆಯೊಂದು ಸುಳ್ಳಾಗಿರದೆಯೂ ಒಂದು ಕೇರಿಯನ್ನು ಬಾಯಾರಿಸಬಹುದು. ಹಾಗಾದರೆ ಸತ್ಯಾಂಶ ಎಂದರೇನು? ಕಂಡದ್ದು ಎಂದರೇನು? ಪರೀಕ್ಷೆ ಮಾಡುವವನು ಯಾರು, ಎಲ್ಲಿ ನಿಂತು ಮಾಡುತ್ತಾನೆ? ಇವು ಪಂಡಿತರ ಪ್ರಶ್ನೆಗಳೆಂದು ನಾವು ಬಹಳ ದಿನ ತಿಳಿದಿದ್ದೆವು. ಇವು ನಮ್ಮ ಪ್ರಶ್ನೆಗಳು.

2

ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವರು ನಾವು. ಕಾಲೇಜಿನ ಲೈಬ್ರರಿಯಲ್ಲಿ ವಿಯೆನ್ನಾ ಬಳಗದ ಬಗ್ಗೆ ಓದಿದ ದಿನ ನಮಗೆ ಹಬ್ಬವೇ ಆಯಿತು. 1920ರ ದಶಕದಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಮೋರಿಟ್ಸ್ ಶ್ಲಿಕ್, ರುಡಾಲ್ಫ್ ಕಾರ್ನಾಪ್, ಆಟೋ ನ್ಯೂರಾತ್ ಮೊದಲಾದವರು ಸೇರಿ ಒಂದು ಪಟ್ಟು ಹಿಡಿದರು. ಲೆಕ್ಕ ಮತ್ತು ತರ್ಕದ ಮಾತು ಬೇರೆ; ಉಳಿದಂತೆ ಲೋಕದ ಬಗ್ಗೆ ಆಡುವ ಯಾವ ಮಾತಿಗಾದರೂ ಅರ್ಥ ಇರಬೇಕಾದರೆ, ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಿ ನೋಡುವ ದಾರಿ ಇರಬೇಕು. ದಾರಿ ಇಲ್ಲದ ಮಾತು ಸುಳ್ಳೂ ಅಲ್ಲ, ಬರೀ ಅರ್ಥವಿಲ್ಲದ ಸದ್ದು.

ಹಿಂದಿನ ಜನ್ಮದ ಕರ್ಮ, ಹುಟ್ಟಿನ ಶ್ರೇಷ್ಠತೆ, ಮಡಿ, ಮೈಲಿಗೆ ಎಲ್ಲವೂ ಈ ಒಂದೇ ಜರಡಿಯಲ್ಲಿ ಕೆಳಗೆ ಬೀಳುತ್ತವಲ್ಲ ಎಂದು ನಾವು ಕುಣಿದೆವು. ಇದು ಪರದೇಶದಿಂದ ಬಂದ ಬುದ್ಧಿಯೇನೂ ಅಲ್ಲ. ಪ್ರತ್ಯಕ್ಷವೊಂದೇ ಪ್ರಮಾಣ ಎಂದ ಚಾರ್ವಾಕರು ನಮ್ಮವರು. ಪರಂಪರೆ ಹೇಳಿತು, ಗ್ರಂಥ ಹೇಳಿತು, ಗುರು ಹೇಳಿದ ಎಂದು ಒಪ್ಪಬೇಡಿ, ನೀವೇ ಅರಿತು ನೋಡಿ ಎಂದು ಕಾಲಾಮರಿಗೆ ತಿಳಿಹೇಳಿದ ಬುದ್ಧ ನಮ್ಮವನು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನೂ, ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. ಗಾಳಿಯಿಂದ ವಿಭೂತಿ ತೆಗೆಯುತ್ತಾರೆಂದು ಹೆಸರಾಗಿದ್ದ ಸತ್ಯಸಾಯಿಬಾಬಾ ಅವರಿಗೆ, ಪರೀಕ್ಷೆಗೆ ಒಪ್ಪಿರಿ ಎಂದು ಕಾಗದ ಬರೆದರು. ಅವರು ಒಪ್ಪಲಿಲ್ಲ. ಆದರೆ ಕೇಳಿದ್ದು ಸಣ್ಣ ಮಾತಲ್ಲ. 'ತೋರಿಸ್ರಿ ನೋಡೋಣು' ಎನ್ನುವ ಮಾತು ಈ ದೇಶದಲ್ಲಿ ದೊಡ್ಡವರ ಎದುರು ಬಹಳ ಸಲ ಹುಟ್ಟಿಲ್ಲ.

ಹಬ್ಬ ಮುಗಿದ ಮೇಲೆ ಬೇವಿನ ಮರದ ಸಾಹೇಬರು ನೆನಪಾದರು. ಅವರೂ ಕಣ್ಣಾರೆ ಕಂಡೇ ಬರೆದಿದ್ದರಲ್ಲ! ಅಲ್ಲಿ ವಿಯೆನ್ನಾದವರೊಳಗಿನ ಜಗಳ ನಮ್ಮ ಕೈಹಿಡಿಯಿತು. ಜ್ಞಾನಕ್ಕೆ ಅಲುಗದ ತಳಪಾಯವೊಂದು ಬೇಕು, ನೇರವಾಗಿ ಕಂಡದ್ದೇ ಆ ತಳಪಾಯ ಎಂಬುದು ಶ್ಲಿಕ್ಕನ ವಾದ. ನ್ಯೂರಾತ್ ಒಪ್ಪಲಿಲ್ಲ. 1932ರಲ್ಲಿ ಅವನು ಬರೆದದ್ದು ಇಷ್ಟು: ಕಂಡದ್ದನ್ನು ಬರೆಯುವ ಹೇಳಿಕೆಯಲ್ಲಿ ಕಂಡವನ ಹೆಸರು ಇರಬೇಕು, ಜಾಗ ಇರಬೇಕು, ಹೊತ್ತು ಇರಬೇಕು, ಹಾಗೆ ಬರೆದದ್ದನ್ನೂ ಮುಂದೆ ಬೇಕಾದರೆ ತಿದ್ದಬಹುದು, ತೆಗೆದುಹಾಕಬಹುದು. ನಾವು ನಡುಗಡಲಲ್ಲಿ ಹಡಗನ್ನು ರಿಪೇರಿ ಮಾಡಿಕೊಳ್ಳುವ ನಾವಿಕರ ಹಾಗೆ, ದಡಕ್ಕೆ ಎಳೆದು ಹೊಸದಾಗಿ ಕಟ್ಟುವ ಅನುಕೂಲ ನಮಗಿಲ್ಲ ಎಂಬುದು ಅವನ ಹೋಲಿಕೆ.

ವಿರೂಪಾಪುರಗಡ್ಡೆಯ ಹೊಳೆಯಲ್ಲಿ ಹರಿಗೋಲು ಹಾಕುವ ನಮ್ಮ ದೊಡ್ಡಪ್ಪನಿಗೆ ಇದನ್ನು ಹೇಳಿದೆವು. ಅವರು ನಕ್ಕರು. 'ಅದರಾಗ ಏನೈತೋ ತಮ್ಮಾ, ನಡುಹೊಳಿಯಾಗ ತಳ ಸೋರಿದ್ರ ಅಲ್ಲೇ ಅರಿವಿ ತುರುಕಿ ದಂಡಿ ಮುಟ್ಟಸ್ತೀವಿ.'

ನ್ಯೂರಾತ್ ಬರೀ ಪುಸ್ತಕದ ಹುಳು ಆಗಿರಲಿಲ್ಲ. ಸಮಾಜವಾದಿ. ವಿಯೆನ್ನಾದ ಕೂಲಿಕಾರರಿಗೆ ಮನೆ, ರೋಗ, ಸಂಬಳದ ಅಂಕಿಗಳು ಓದು ಬಾರದಿದ್ದರೂ ತಿಳಿಯಲೆಂದು ಚಿತ್ರದ ಲೆಕ್ಕಪಟ್ಟಿಗಳನ್ನು ಮಾಡಿಸಿ ಸಂಗ್ರಹಾಲಯ ಕಟ್ಟಿದವನು. ಶ್ಲಿಕ್ 1936ರಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆಯೇ ಗುಂಡೇಟಿಗೆ ಸತ್ತ. 1940ರಲ್ಲಿ ನಾಜಿಗಳು ಹಾಲೆಂಡಿಗೆ ನುಗ್ಗಿದಾಗ ಅಲ್ಲಿದ್ದ ನ್ಯೂರಾತ್ ಸಣ್ಣ ದೋಣಿ ಹತ್ತಿ ಕಡಲು ದಾಟಿ ಇಂಗ್ಲೆಂಡ್ ಸೇರಿದ. ಸತ್ಯಾಂಶದ ಮಾತು ಆಡುವವರಿಗೆ ಎಲ್ಲ ಕಾಲದಲ್ಲೂ ನಿಲ್ಲಲು ನೆಲ ಸಿಕ್ಕುವುದಿಲ್ಲ.

3

ಈಗ ಗಡ್ಡೆಗೇ ಬರೋಣ. ಗಂಗಾವತಿ ತಾಲೂಕಿನ ವಿರೂಪಾಪುರಗಡ್ಡೆ ಹಂಪಿಯ ಎದುರು ದಂಡೆ. ನಡುವೆ ತುಂಗಭದ್ರೆ. ಇಲ್ಲಿ ನಿಂತರೆ ಆಚೆ ವಿರೂಪಾಕ್ಷ ಗುಡಿಯ ಗೋಪುರ ಕಾಣುತ್ತದೆ. ಇದು ನಡುಗಡ್ಡೆ ಹೌದೋ ಅಲ್ಲವೋ ಎಂದು ಕೇಳಿದರೆ, ಯಾವಾಗ ನೋಡ್ತೀರಿ ಎಂದು ತಿರುಗಿ ಕೇಳಬೇಕಾಗುತ್ತದೆ. ಹೊಳೆ ತುಂಬಿದಾಗಲೇ ಅದು ನಡುಗಡ್ಡೆ ಎಂದು ಎಲ್ಲರಿಗೂ ತಿಳಿಯುವುದು.

ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ರಾಜ್ಯ ಸರ್ಕಾರದ 1988ರ ಅಧಿಸೂಚನೆ ಗಡ್ಡೆಯನ್ನೂ ಸಂರಕ್ಷಿತ ಪ್ರದೇಶದೊಳಗೆ ಸೇರಿಸಿತು. 1999ರಲ್ಲಿ, ಆನೆಗುಂದಿಯ ಹತ್ತಿರ ಕಟ್ಟುತ್ತಿದ್ದ ಸೇತುವೆಯನ್ನೂ ಗಡ್ಡೆಗೆ ಕಟ್ಟುತ್ತಿದ್ದ ಕಾಲುಸೇತುವೆಯನ್ನೂ ಕಂಡು ಯುನೆಸ್ಕೊ ಹಂಪಿಯನ್ನು 'ಅಪಾಯದಲ್ಲಿರುವ' ಪರಂಪರೆಯ ಪಟ್ಟಿಗೆ ಹಾಕಿತು. 2006ರಲ್ಲಿ ತೆಗೆಯಿತು. ಗಡ್ಡೆಯ ಕಾಲುಸೇತುವೆ ಉಳಿಯಲಿಲ್ಲ. ಆನೆಗುಂದಿಯ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಅದನ್ನು ಕಟ್ಟುವ ಕೂಲಿಗಳೇ ಅದರ ಕೆಳಗೆ ಸತ್ತರು.

ಇವೆಲ್ಲ ಪರೀಕ್ಷಿಸಿ ನೋಡಬಹುದಾದ ಸಂಗತಿಗಳು. 'ಸೇತುವೆ ಸ್ಮಾರಕದ ನೋಟಕ್ಕೆ ಅಡ್ಡ' ಎಂಬ ಹೇಳಿಕೆಯನ್ನೂ ನಾವು ಸುಳ್ಳೆನ್ನುವುದಿಲ್ಲ. ಕಲ್ಲನ್ನು ಉಳಿಸಬೇಕು ಎಂಬುದಕ್ಕೂ ನಮ್ಮ ತಕರಾರಿಲ್ಲ. ಆ ಕಲ್ಲನ್ನು ಹೊತ್ತವರ ಮಕ್ಕಳು ನಾವು. ನಮ್ಮ ತಕರಾರು ಇಷ್ಟೇ: ಅಪಾಯ ಎಂಬುದು ಯಾರ ಕಣ್ಣಿಗೆ ಬಿದ್ದ ಅಪಾಯ? ಹೆರಿಗೆ ನೋವು ಬಂದ ಹೆಣ್ಣುಮಗಳು ತುಂಬಿದ ಹೊಳೆಯ ಈಚೆ ಸಿಕ್ಕಿಕೊಳ್ಳುವುದೂ ಅಪಾಯವೇ. ಅದಕ್ಕೆ ಯಾವ ಪಟ್ಟಿಯಲ್ಲಿ ಕಾಲಂ ಇತ್ತು?

ಭತ್ತದ ಗದ್ದೆಗಳ ನಡುವೆ ಗಡ್ಡೆಯಲ್ಲಿ ಗೆಸ್ಟ್‌ಹೌಸುಗಳು ಎದ್ದವು. ದೇಶ ದೇಶದ ಪ್ರವಾಸಿಗಳು ಬಂದರು. ನಮ್ಮವ್ವ ಆ ಗದ್ದೆಗಳಲ್ಲಿ ಭತ್ತ ಹಚ್ಚಿದವಳು. ನಾವು ರಜೆಯಲ್ಲಿ ಅಲ್ಲೊಂದು ಕಡೆ ಪಾತ್ರೆ ತೊಳೆದವರು. ಅಲ್ಲಿ ಒಂದು ವಿಚಿತ್ರ ಕಂಡೆವು. ಪರದೇಶದವರು ನಮ್ಮ ಕೈಯಿಂದಲೇ ನೀರಿಸಿಕೊಂಡು ಕುಡಿದರು. ಮಾಲೀಕರು ಮಾತ್ರ ನಮ್ಮನ್ನು ಅಡುಗೆಮನೆಯ ಹೊಸ್ತಿಲ ಹೊರಗೇ ನಿಲ್ಲಿಸಿದರು. ಒಂದೇ ಕೈ, ಒಂದೇ ನೀರು, ನೋಡುವ ಕಣ್ಣು ಎರಡು.

2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರಿಗೆ ಗಡ್ಡೆಯ ದಾರಿ ಮುಳುಗಿ ನೂರಾರು ಪ್ರವಾಸಿಗಳು ಸಿಕ್ಕಿಕೊಂಡರು. ಹೆಲಿಕಾಪ್ಟರು, ದೋಣಿಗಳು ಬಂದವು. ಅವರಲ್ಲಿ ವಿದೇಶಿಯರೆಷ್ಟು ಎಂಬುದನ್ನು ಪತ್ರಿಕೆ ಓದಿ ತಿಳಿದೆವು. ಪಾತ್ರೆ ತೊಳೆಯುವವರೆಷ್ಟು ಎಂದು ನಾವು ಓದಿದ ಪತ್ರಿಕೆ ಹೇಳಲಿಲ್ಲ. ಆಮೇಲೆ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ 2015ರ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಜೆಸಿಬಿಗಳು ಬಂದು ಕಟ್ಟಡಗಳನ್ನು ಕೆಡವಿದವು. 'ಕಟ್ಟಡಗಳು ಅಕ್ರಮ' ಎಂಬ ಹೇಳಿಕೆ ಕಾನೂನಿನ ಪ್ರಕಾರ ಸಾಬೀತಾಯಿತು, ಒಪ್ಪೋಣ. ಕೆಡವಿದ ಮಾಲೀಕರ ಹತ್ತಿರ ವಾದಿಸಲು ಕಾಗದ ಇತ್ತು, ವಕೀಲರಿದ್ದರು. ಕಸ ಹೊಡೆದವರ, ಹಾಸಿಗೆ ಒಗೆದವರ ಹತ್ತಿರ 'ನಾವಿಲ್ಲಿ ದುಡಿದೇವಿ' ಎನ್ನುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಕಾಗದದ ಮೇಲೆ ಇಲ್ಲದವರು ಕೆಲಸ ಕಳೆದುಕೊಂಡದ್ದೂ ಕಾಗದದ ಮೇಲೆ ಇಲ್ಲ.

4

ಕನ್ನಡದಲ್ಲಿ 'ಪ್ರಮಾಣ' ಎಂಬ ಮಾತಿಗೆ ಮೂರು ಅರ್ಥ. ಸಾಕ್ಷ್ಯವೂ ಪ್ರಮಾಣ, ಅಳತೆಯೂ ಪ್ರಮಾಣ, ಆಣೆಯೂ ಪ್ರಮಾಣ. ಊರಲ್ಲಿ ಜಗಳವಾದರೆ 'ಗುಡಿಯಾಗ ಪ್ರಮಾಣ ಮಾಡು' ಅನ್ನುತ್ತಾರೆ. ಗುಡಿಯೊಳಗೆ ಬಿಡದವರು ಎಲ್ಲಿ ನಿಂತು ಪ್ರಮಾಣ ಮಾಡಬೇಕು? ದೂರ ನಿಂತು ಮಾಡಿದ ಆಣೆಗೆ ತೂಕ ಕಡಿಮೆ.

ಹಾಸ್ಟೆಲ್ ಸೇರುವಾಗ ಜಾತಿ ಪ್ರಮಾಣಪತ್ರಕ್ಕೆ ನಾವು ಕಚೇರಿಯೊಂದಕ್ಕೆ ಹನ್ನೊಂದು ಸಲ ಅಲೆದೆವು. ಅಪ್ಪನ ದಾಖಲೆ ತಾ, ಅಜ್ಜನ ದಾಖಲೆ ತಾ, ನೀನು ಅದೇ ಜಾತಿಯವನೆಂದು ನಾವು ಹೆಂಗ ನಂಬೋಣು ಎಂದರು. ಅದೇ ಸಂಜೆ ಊರಿಗೆ ಬಂದು ಚಾದಂಗಡಿಯ ಮುಂದೆ ನಿಂತೆವು. ಅಲ್ಲಿ ಒಂದೂ ದಾಖಲೆ ಕೇಳಲಿಲ್ಲ. ಉಳಿದವರಿಗೆ ಗಾಜಿನ ಲೋಟ, ನಮಗೆ ಪ್ಲಾಸ್ಟಿಕ್ಕಿನದು. ಕೊಡುವ ಕಡೆ ಯಾವ ಪುರಾವೆಯೂ ಸಾಲದು. ಕಿತ್ತುಕೊಳ್ಳುವ ಕಡೆ ಪುರಾವೆಯೇ ಬೇಡ. ಪರಿಶೀಲನೆಯ ತತ್ವಶಾಸ್ತ್ರ ಬರೆದ ಯಾವ ಪಂಡಿತನೂ ಈ ಎರಡನ್ನು ಒಂದೇ ದಿನ ಅನುಭವಿಸಿದ್ದನ್ನು ನಾವು ಓದಿಲ್ಲ.

2021ರ ಸೆಪ್ಟೆಂಬರಿನಲ್ಲಿ ನಮ್ಮದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ನಡೆದದ್ದನ್ನು ದೇಶವೇ ಓದಿತು. ದಲಿತ ಕುಟುಂಬವೊಂದರ ಎರಡು ವರ್ಷದ ಮಗು. ಹುಟ್ಟಿದ ದಿನವೆಂದು ಹನುಮಂತನ ಗುಡಿಗೆ ಕರೆತಂದಿದ್ದರು, ಹೊರಗೆ ನಿಂತು ಕೈಮುಗಿಯಲು. ಮಳೆ ಬಂತು. ಮಗು ಒಳಗೆ ಓಡಿತು. ಗುಡಿ ಮೈಲಿಗೆಯಾಯಿತೆಂದು, ಶುದ್ಧಿಯ ಖರ್ಚೆಂದು, ಇಪ್ಪತ್ತು ಸಾವಿರ ರೂಪಾಯಿಗೂ ಮೀರಿ ದಂಡ ಕೇಳಿದರು. ವಿಷಯ ಹೊರಬಿದ್ದ ಮೇಲೆ ಪೊಲೀಸರು ಬಂದರು, ಬಂಧನಗಳಾದವು.

1958ರಲ್ಲಿ ಎನ್. ಆರ್. ಹ್ಯಾನ್ಸನ್ ಎಂಬ ಅಮೆರಿಕದ ಚಿಂತಕ ಒಂದು ಮಾತು ಹೇಳಿದ. ಬರೀ ಕಣ್ಣಿನಿಂದ ಯಾರೂ ನೋಡುವುದಿಲ್ಲ. ತಲೆಯಲ್ಲಿರುವ ಸಿದ್ಧಾಂತವೂ ಕಣ್ಣಿನ ಜೊತೆ ನೋಡುತ್ತದೆ. ಒಂದೇ ಮುಂಜಾವಿನಲ್ಲಿ ಒಬ್ಬ ಸೂರ್ಯ ಏರುವುದನ್ನು ಕಾಣುತ್ತಾನೆ, ಇನ್ನೊಬ್ಬ ಭೂಮಿ ತಿರುಗುವುದನ್ನು ಕಾಣುತ್ತಾನೆ. ಮಿಯಾಪುರದಲ್ಲೂ ಹಾಗೇ. ಒಬ್ಬರು ಮಳೆಗೆ ಓಡಿದ ಕೂಸನ್ನು ಕಂಡರು, ಇನ್ನೊಬ್ಬರು ಮೈಲಿಗೆಯನ್ನು ಕಂಡರು.

ಇಲ್ಲಿ ನಮ್ಮ ಕೆಲವು ವಿದ್ಯಾವಂತ ಗೆಳೆಯರು ಜಾರಿಬೀಳುತ್ತಾರೆ. 'ನೋಡಿದಿರಾ, ಸತ್ಯ ಎಂಬುದೇ ಇಲ್ಲ, ಎಲ್ಲಾ ಅವರವರ ನೋಟ' ಎನ್ನುತ್ತಾರೆ. ಇದು ಹೊಟ್ಟೆ ತುಂಬಿದವರ ಮಾತು. ಎರಡು ನೋಟ ಇವೆ ಎಂದ ಮಾತ್ರಕ್ಕೆ ಎರಡೂ ಸಮ ಆಗುವುದಿಲ್ಲ. ಮಗು ತೊಯ್ದಿತ್ತೇ ಎಂದು ಯಾವ ಜಾತಿಯವನೂ ಮುಟ್ಟಿ ನೋಡಬಹುದು. ಮೈಲಿಗೆಯನ್ನು ಹೇಗೆ ನೋಡುವುದು? ಜಾತಿ ಹೇಳದೆ ಹತ್ತು ಮಕ್ಕಳನ್ನು ಗುಡಿಯೊಳಗೆ ಬಿಟ್ಟು, ಯಾವ ಮಗುವಿನಿಂದ ಮೈಲಿಗೆಯಾಯಿತು ಹೇಳಿರಿ ಎಂದರೆ ಯಾವ ಪೂಜಾರಿ ಮುಂದೆ ಬರುತ್ತಾನೆ? ಯಾವ ಸೋಲಿಗೂ ಒಡ್ಡಿಕೊಳ್ಳದ ಮಾತು ವಿಜ್ಞಾನದ ಮಾತಲ್ಲ ಎಂದು 1934ರಲ್ಲೇ ಕಾರ್ಲ್ ಪಾಪರ್ ಹೇಳಿದ್ದು ಇದಕ್ಕೇ ಹೊಂದುತ್ತದೆ. ನೋಟಕ್ಕೆ ಸಿದ್ಧಾಂತ ಅಂಟಿರುವುದು ತಪ್ಪಲ್ಲ. ಆ ಸಿದ್ಧಾಂತವನ್ನು ಪ್ರಶ್ನೆ ಮಾಡಲು ಬಿಡದಿರುವುದು ತಪ್ಪು.

ವಿಯೆನ್ನಾದವರಿಗೂ ಇಲ್ಲಿ ನಮ್ಮದೊಂದು ಮಾತಿದೆ. ಅರ್ಥವಿಲ್ಲದ ಸದ್ದು ಎಂದು ನೀವು ಕಸದ ಬುಟ್ಟಿಗೆ ಹಾಕಿದ ಮಾತು ನಮ್ಮೂರಲ್ಲಿ ದಂಡ ವಸೂಲಿ ಮಾಡುತ್ತದೆ. ಮೈಲಿಗೆಯನ್ನು ತೂಗಲಾಗದು. ದಂಡದ ರೂಪಾಯಿಯನ್ನು ಎಣಿಸಬಹುದು.

5

ಎಣಿಸಬಹುದಾದದ್ದನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11ರಂದು ಕೋಲಾರ ಜಿಲ್ಲೆಯ ಆ ಊರಿನಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಕೋರ್ಟಿನಲ್ಲಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದದ್ದು ಸಾಬೀತು. ಸುಟ್ಟವರು ಯಾರೂ ಇಲ್ಲ.

ಸಾಕ್ಷಿ ಯಾಕೆ ತಿರುಗಿಬೀಳುತ್ತಾನೆ? ಕಂಡದ್ದು ಮರೆತುಹೋಗುವುದರಿಂದಲ್ಲ. ಕಂಡದ್ದನ್ನು ಹೇಳಿದ ಸಂಜೆ ಅವನು ಅದೇ ಊರಿಗೆ ಹೋಗಬೇಕು. ಅದೇ ಹೊಲದಲ್ಲಿ ಕೂಲಿ ಕೇಳಬೇಕು. ತತ್ವಶಾಸ್ತ್ರದ ಪುಸ್ತಕದಲ್ಲಿ 'ಮೇಜು ಇದೆ' ಎಂದು ಹೇಳುವವನ ಮನೆಗೆ ಯಾರೂ ಬೆಂಕಿ ಹಚ್ಚುವುದಿಲ್ಲ. ನಮ್ಮಲ್ಲಿ ಒಂದು ನಿಜವಾದ ವಾಕ್ಯಕ್ಕೆ ಕೂಲಿ, ಮನೆ, ಜೀವ ಬೆಲೆ. ಆದ್ದರಿಂದ ಸತ್ಯ ಹೊರಬರಬೇಕಾದರೆ ಒಳ್ಳೆಯ ಕಣ್ಣಿದ್ದರೆ ಸಾಲದು, ಕೂಲಿಗೆ ಹಂಗಿಲ್ಲದ ತುಂಡು ನೆಲವೂ ಬೇಕು. ಭೂಮಿಯ ಹೋರಾಟ ಸತ್ಯದ ಹೋರಾಟವೂ ಹೌದು ಎಂದು ನಾವು ಹೇಳುವುದು ಇದಕ್ಕೇ.

ಅದೇ 2014ರ ಆಗಸ್ಟ್ 28ರಂದು ನಮ್ಮ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೆ, ಹೋಟೆಲಿಗೆ ಬಿಡದಿರುವುದರ ಜಗಳ ಊರಲ್ಲಿ ಹೊಗೆಯಾಡುತ್ತಿತ್ತು. ಹತ್ತು ವರ್ಷ ವಿಚಾರಣೆ ನಡೆಯಿತು. ಅಷ್ಟರಲ್ಲಿ ಆರೋಪಿಗಳಲ್ಲಿ ಕೆಲವರು ತೀರಿಕೊಂಡಿದ್ದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 101 ಜನರಿಗೆ ಶಿಕ್ಷೆ ವಿಧಿಸಿತು. 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಮುಂದಿನ ತಿಂಗಳಲ್ಲೇ ಮೇಲ್ಮನವಿಯಲ್ಲಿ ಬಹುತೇಕರಿಗೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಆದ್ದರಿಂದ ನಾವು ಡೊಳ್ಳು ಬಾರಿಸುವುದಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ: ಹತ್ತು ವರ್ಷ ಕಳೆದರೂ ಕೇರಿಯವರ ಮಾತು ಒಂದು ಕೋರ್ಟಿನಲ್ಲಿ ಪ್ರಮಾಣವಾಗಿ ನಿಂತಿತು. 'ಅವರವರ ನೋಟ' ಎಂದು ಅವರು ಮನೆಯಲ್ಲಿ ಕೂತಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

6

ಕೊನೆಗೆ ನಮ್ಮ ಮನೆಯ ಮಾತು. ಗೆಳೆಯರೆ, ನಾವು ಕವಿತೆ ಬರೆಯುವವರು. 'ಇವರದು ವರದಿ, ಕಾವ್ಯವಲ್ಲ' ಎಂದು ನಮ್ಮ ಹಿರಿಯ ಅಣ್ಣಂದಿರ ಕವಿತೆಗಳನ್ನು ಮೂಗುಮುರಿದು ತಳ್ಳಿದವರಿದ್ದರು, ಈಗಲೂ ಇದ್ದಾರೆ. ನಾವು ಅವರಿಗೆ ಹೆದರಿ ತಪ್ಪು ದಾರಿ ಹಿಡಿದೆವು. ವರದಿ ಎನ್ನಿಸಿಕೊಳ್ಳಬಾರದೆಂದು ಬೆಂಕಿ, ಕತ್ತಲು, ಸೂರ್ಯ, ನೆತ್ತರು ಎಂದು ತುಂಬಿದೆವು. ನಮ್ಮ ಇಪ್ಪತ್ತು ಕವಿತೆಗಳನ್ನು ಮುಂದಿಟ್ಟುಕೊಂಡು ನೋಡಿದೆವು. ಹದಿನೇಳರಲ್ಲಿ ಬೆಂಕಿ ಇದೆ. ಆದರೆ ಯಾವ ಊರಲ್ಲಿ, ಯಾವ ದಿನ, ಯಾರ ಗುಡಿಸಲಿಗೆ ಬಿದ್ದ ಬೆಂಕಿ ಎಂಬುದು ಒಂದರಲ್ಲೂ ಇಲ್ಲ. ಇಂಥ ಬೆಂಕಿಯಿಂದ ಯಾರಿಗೂ ತೊಂದರೆಯಿಲ್ಲ. ಸಮ್ಮೇಳನದಲ್ಲಿ ಓದಿದರೆ ಜಮೀನುದಾರರೂ ಚಪ್ಪಾಳೆ ತಟ್ಟುತ್ತಾರೆ. ಮೈಲಿಗೆಯ ಹಾಗೆ ಈ ಬೆಂಕಿಯನ್ನೂ ಯಾರೂ ಪರೀಕ್ಷಿಸಲಾರರು.

ಬಾಬಾಸಾಹೇಬರು ಅಸ್ಪೃಶ್ಯತೆ ಏನೆಂದು ಹೊರಗಿನವರಿಗೆ ತಿಳಿಸಬೇಕಾದಾಗ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಸಾಮಾನ್ಯ ವರ್ಣನೆಯ ದಾರಿ ಬಿಟ್ಟು ಒಂದೊಂದೇ ಘಟನೆಯನ್ನು ಹೇಳುವ ದಾರಿ ಹಿಡಿದರು. 1901ರಲ್ಲಿ ಮಸೂರು ರೈಲು ನಿಲ್ದಾಣದಲ್ಲಿ ಇಳಿದ ಮಕ್ಕಳು ಮಹಾರರೆಂದು ತಿಳಿದ ಕೂಡಲೇ ಸ್ಟೇಷನ್ ಮಾಸ್ತರನ ಮುಖ ಬದಲಾದದ್ದು, ಗಾಡಿಯವರು ಒಲ್ಲೆನೆಂದದ್ದು, ದಾರಿಯುದ್ದ ನೀರು ಸಿಗದೆ ಹೋದದ್ದು. ಊರು ಇದೆ, ವರ್ಷ ಇದೆ, ಕಂಡವರು ಯಾರು ಎಂಬುದಿದೆ. ಅದು ವರದಿಯೇ. ಓದಿದವರ ಗಂಟಲು ಇಂದಿಗೂ ಒಣಗುತ್ತದೆ.

ಇನ್ನು ಮುಂದೆ ನಾವು ಹಾಗೆ ಬರೆಯಲು ಪ್ರಯತ್ನ ಮಾಡುತ್ತೇವೆ. ಕವಿತೆಯಿರಲಿ, ಲೇಖನವಿರಲಿ, ಯಾರು ಕಂಡರು, ಎಲ್ಲಿ ನಿಂತು ಕಂಡರು, ಎಂದು ಕಂಡರು ಎಂಬುದು ಅದರೊಳಗೆ ಇರಲಿ. ತಪ್ಪಿದ್ದರೆ ತೋರಿಸಿರಿ, ತಿದ್ದಿಕೊಳ್ಳುತ್ತೇವೆ. ಸರ್ಕಾರದ ಹೇಳಿಕೆಗಳಿಗೂ ಇದೇ ನಿಯಮ ಕೇಳೋಣ. 'ಗ್ರಾಮದಲ್ಲಿ ಅಸ್ಪೃಶ್ಯತೆ ಕಂಡುಬಂದಿಲ್ಲ' ಎಂದು ಬರೆದವರು ಯಾರ ಮನೆಯ ಚಾ ಕುಡಿಯುತ್ತಾ ಬರೆದರು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಲಿ. ನಿಮ್ಮ ನಿಮ್ಮ ಕೇರಿಯಿಂದ ಒಂದೊಂದು ಹೇಳಿಕೆ ಕಳಿಸಿರಿ. ಮೊದಲನೆಯದು ನಮ್ಮ ಕೇರಿಯದು:

ಬೇವಿನ ಮರದಿಂದ ಕೇರಿಯ ಒಳಗೆ ಅರವತ್ತು ಹೆಜ್ಜೆ. ಸರ್ವೆ ನಡೆದ ದಿನದ ಮರುದಿನ ಬೆಳಿಗ್ಗೆ. ಕಂಡವಳು ನಮ್ಮವ್ವ, ಕೈಯಲ್ಲಿ ಖಾಲಿ ಕೊಡ. ಕಂಡದ್ದು: ನಳ ಐತಿ, ನೀರಿಲ್ಲ.

ಬಂದು ನೋಡಿ ಹೋಗಿರಿ.